ನೆಲಮಾಳಿಗೆಯ ನಡುಹಗಲು

ರಾಕ್ ಸಂಗೀತವನ್ನು, ಅಂದರೆ ವಿದ್ಯುತ್ ಗಿಟಾರು, ಡ್ರಮ್ಮು ಮತ್ತು ಹಾಡುಗಾರಿಕೆಗಳು ಒಂದನ್ನೊಂದು ತಳ್ಳಿಕೊಂಡೇ ಮುನ್ನಡೆಯುವ ಪ್ರಕಾರವನ್ನು, ವಿಶಾಲ ಮೈದಾನಗಳ ಕಲೆಯೆಂದು ಭಾವಿಸುವುದು ಇಂದು ರೂಢಿಯಾಗಿದ್ದರೂ ಅದು ಮೈಗೂಡಿಸಿಕೊಂಡ ಬಲವೆಲ್ಲ ಇಕ್ಕಟ್ಟಾದ ಕೋಣೆಗಳಿಂದ ಬಂದದ್ದು. ಮೆಚ್ಚಿನ ತಂಡವನ್ನು ಅಂಥ ಕೋಣೆಯಲ್ಲಿ ಕೇಳುವುದೆಂದರೇನು ಎಂಬುದಕ್ಕೆ ಇಂಗ್ಲೆಂಡಿನ ಬಂದರು ನಗರಿ ಲಿವರ್‌ಪೂಲಿನ ಮ್ಯಾಥ್ಯೂ ಸ್ಟ್ರೀಟಿನಲ್ಲಿದ್ದ ಕ್ಯಾವರ್ನ್ ಕ್ಲಬ್ಬಿಗಿಂತ ನಿಚ್ಚಳವಾದ ನಿದರ್ಶನ ಸಿಗುವುದು ಕಷ್ಟ.

1957ರ ಜನವರಿಯಲ್ಲಿ ಜಾಸ್ ಸಂಗೀತಕ್ಕೆಂದು ತೆರೆದ ಈ ಕ್ಲಬ್ಬು ಉಗ್ರಾಣವೊಂದರ ನೆಲಮಾಳಿಗೆಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜನ ಬಾಂಬುದಾಳಿಯಿಂದ ಪಾರಾಗಲು ಇಲ್ಲಿ ಆಶ್ರಯ ಪಡೆದಿದ್ದರು. ಕಡಿದಾದ ಮೆಟ್ಟಿಲುಗಳನ್ನಿಳಿದರೆ ಇಟ್ಟಿಗೆಯ ಕಮಾನು ಚಾವಣಿ ಹೊತ್ತ ಮೂರು ಉದ್ದನೆಯ ಓಣಿಗಳು, ನಡುವಿನದರ ತುದಿಯಲ್ಲಿ ಪುಟ್ಟ ವೇದಿಕೆ, ಅದರೆದುರು ಸಾಲಾಗಿ ಮರದ ಕುರ್ಚಿಗಳು. ಗಾಳಿಯಾಡಲು ದಾರಿಯಿಲ್ಲದ್ದರಿಂದ ಜನರ ಉಸಿರು ಮತ್ತು ಬೆವರಿನ ಆವಿ ಚಾವಣಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತಿತ್ತು, ಫಿನಾಯಿಲಿನಂಥ ಕ್ರಿಮಿನಾಶಕದ ವಾಸನೆ ಬಟ್ಟೆಗೆ ಅಂಟಿಕೊಂಡು ಮನೆಯವರೆಗೂ ಬರುತ್ತಿತ್ತು. ಆದರೂ 1961ರ ಫೆಬ್ರವರಿಯಿಂದಾಚೆಗೆ ಸುತ್ತಲಿನ ಕಚೇರಿ, ಅಂಗಡಿಗಳಲ್ಲಿ ದುಡಿಯುತ್ತಿದ್ದ ಹುಡುಗಿಯರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮತ್ತೆ ಮತ್ತೆ ಆ ಮೆಟ್ಟಿಲಿಳಿದು ಬಂದದ್ದು ಬೀಟಲ್ಸ್ ಎಂಬ ಸ್ಥಳೀಯ ತಂಡಕ್ಕಾಗಿ; ಮುಂದಿನ ಎರಡೂವರೆ ವರ್ಷಗಳಲ್ಲಿ ಆ ತಂಡ ಅಲ್ಲಿ ಸುಮಾರು 290 ಬಾರಿ ನುಡಿಸಿತು.

ಇಷ್ಟು ಸಮೀಪದ ಕೇಳ್ಮೆ ಬೇರೆಯೇ ಬಗೆಯದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ ಮೈದಾನದಲ್ಲಿ 100 ಮೀಟರು ದೂರ ಕುಳಿತವರಿಗೆ ವೇದಿಕೆಯ ಡ್ರಮ್ಮಿನ ಪೆಟ್ಟು ಕಣ್ಣಿಗೆ ಬಿದ್ದು ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಕಳೆದ ಮೇಲೆ ಕಿವಿಗೆ ಬೀಳುತ್ತದೆ. ನೆಲಮಾಳಿಗೆಯಲ್ಲಿ ಕೋಲು ಇಳಿದದ್ದೂ ನಾದ ಎದೆಗೆ ತಾಗಿದ್ದೂ ಒಂದೇ ಕ್ಷಣ, ಮತ್ತು ಆ ನಾದ ಬರುವುದು ಚರ್ಮವಾದ್ಯದ ಮೈಯಿಂದಲೇ. ತಂತಿಯ ಮೇಲೆ ಬೆರಳು ಜಾರಿದ ಸದ್ದು, ಹಾಡುಗಾರ ಉಸಿರೆಳೆದುಕೊಂಡದ್ದು, ಇವನ್ನು ಧ್ವನಿಮುದ್ರಣ ಎಷ್ಟೋ ವೇಳೆ ಒರೆಸಿಹಾಕುತ್ತದೆ, ಕೋಣೆ ಉಳಿಸಿಕೊಡುತ್ತದೆ.

ಅದಕ್ಕಿಂತ ಮಿಗಿಲಾದದ್ದೆಂದರೆ ಅಲ್ಲಿ ನುಡಿಸುವವನಿಗೂ ಕೇಳುವವಳ ಮುಖ ಕಾಣುತ್ತಿತ್ತು. ಇಂಥ ಹಾಡು ಬೇಕೆಂದು ಕೂಗಿದರೆ ವೇದಿಕೆಯಿಂದ ಉತ್ತರ ಬರುತ್ತಿತ್ತು. ಆಂಪ್ಲಿಫೈಯರ್, ಅಂದರೆ ಗಿಟಾರಿನ ಕ್ಷೀಣ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ, ಕೆಟ್ಟು ಮೌನವಾದಾಗ ಅದು ಸರಿಯಾಗುವವರೆಗೆ ತಂಡದವರು ಹಾಸ್ಯದ ಮಾತುಗಳಿಂದಲೇ ಹೊತ್ತು ಕಳೆಸುತ್ತಿದ್ದರು. ಈ ಸಲಿಗೆ ಹಕ್ಕಾಗಿಯೂ ಬೆಳೆಯಿತು. 1962ರ ಆಗಸ್ಟಿನಲ್ಲಿ ಡ್ರಮ್ ವಾದಕ ಪೀಟ್ ಬೆಸ್ಟ್ ಅವರನ್ನು ಕೈಬಿಟ್ಟು ರಿಂಗೋ ಸ್ಟಾರ್ ಅವರನ್ನು ಸೇರಿಸಿಕೊಂಡಾಗ ಅಭಿಮಾನಿಗಳು ಕ್ಲಬ್ಬಿನೊಳಗೇ ಪ್ರತಿಭಟಿಸಿದರು, ಗದ್ದಲದಲ್ಲಿ ಗಿಟಾರು ವಾದಕ ಜಾರ್ಜ್ ಹ್ಯಾರಿಸನ್ ಅವರ ಕಣ್ಣಿಗೆ ಪೆಟ್ಟೂ ಬಿತ್ತು. ಅದೇ ತಿಂಗಳ 22ರಂದು ಗ್ರಾನಡಾ ಟೆಲಿವಿಷನ್ ಅಲ್ಲಿ ಚಿತ್ರೀಕರಿಸಿದ ತುಣುಕಿನಲ್ಲಿ, ಹಾಡು ಮುಗಿದೊಡನೆ, ಪೀಟ್ ಬೇಕೆಂದು ಕೂಗುವ ಧ್ವನಿಯೊಂದು ಇಂದಿಗೂ ಕೇಳಿಸುತ್ತದೆ. ಆ ಕೋಪ ನ್ಯಾಯವೋ ಅನ್ಯಾಯವೋ, ತಮ್ಮದೆಂದು ತಿಳಿದದ್ದರ ಬಗ್ಗೆ ಮಾತ್ರ ಹಾಗೆ ಕೋಪಿಸಿಕೊಳ್ಳಲು ಸಾಧ್ಯ.

ಆದುದರಿಂದಲೇ 1963ರಲ್ಲಿ ತಂಡದ ಧ್ವನಿಮುದ್ರಿಕೆಯೊಂದು ದೇಶದಲ್ಲಿ ಮೊದಲ ಸ್ಥಾನಕ್ಕೇರಿತೆಂದು ವೇದಿಕೆಯಿಂದ ಸಾರಿದಾಗ ಕೋಣೆ ಚಪ್ಪಾಳೆಯ ಬದಲು ನಿಶ್ಶಬ್ದವಾಯಿತೆಂಬ ಅಲ್ಲಿದ್ದವರ ನೆನಪು ನಂಬಲು ಅರ್ಹವಾಗಿದೆ. ಗೆಲುವೆಂದರೆ ಅಗಲಿಕೆಯೆಂದು ಆ ಹುಡುಗಿಯರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆಗಸ್ಟ್ 3ರಂದು ಬೀಟಲ್ಸ್ ಅಲ್ಲಿ ಕೊನೆಯ ಬಾರಿ ನುಡಿಸಿದರು. ಸರಿಯಾಗಿ ಎರಡು ವರ್ಷ ಹನ್ನೆರಡು ದಿನಗಳ ಬಳಿಕ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಅವರೆದುರು 55,000ಕ್ಕೂ ಹೆಚ್ಚು ಜನರಿದ್ದರು. ಮಾನಿಟರ್, ಅಂದರೆ ನುಡಿಸುವವರಿಗೆ ಅವರದೇ ನಾದವನ್ನು ಮರಳಿ ಕೇಳಿಸುವ ಸ್ಪೀಕರು, ಇಲ್ಲದ ಆ ಕಾಲದ ಇಂಥ ಕ್ರೀಡಾಂಗಣಗಳಲ್ಲಿ ಕಿರುಚಾಟ ಎಲ್ಲವನ್ನೂ ಮುಚ್ಚಿಹಾಕುತ್ತಿದ್ದುದರಿಂದ, ಹಾಡು ಎಲ್ಲಿಗೆ ಬಂದಿದೆಯೆಂದು ತಿಳಿಯಲು ರಿಂಗೋ ಸ್ಟಾರ್ ಮುಂದೆ ನಿಂತ ಜೊತೆಗಾರರ ಬೆನ್ನು, ಸೊಂಟಗಳ ಚಲನೆಯನ್ನೇ ನೋಡುತ್ತ ನುಡಿಸಬೇಕಾಗಿತ್ತು.