ಜಾಮೀನು ಏನಿದೆ?

ದೆಹಲಿಗೆ ವರ್ಗವಾಗಿ ಬಂದ ಹೊಸದು, 1998. ನೆಹರೂ ಪ್ಲೇಸ್ ಕಡೆಯ ಶಾಖೆಯೊಂದರಲ್ಲಿ ಸಾಲದ ವಿಭಾಗ ನನ್ನದು. ಸಾಫ್ಟ್‌ವೇರ್ ಮಾಡ್ತೀನಿ, ಸಾಲ ಬೇಕು ಅಂತ ಒಬ್ಬ ಹುಡುಗ ಬಂದ. ಜಾಮೀನು ಏನಿದೆ ಎಂದರೆ ತನ್ನ ತಲೆ ಮುಟ್ಟಿ ತೋರಿಸಿದ! ಅರ್ಜಿ ತಿರಸ್ಕರಿಸಿ, ಸಂಜೆ ಮನೆಯಲ್ಲಿ ಅದನ್ನೇ ಹೇಳಿಕೊಂಡು ನಕ್ಕಿದ್ದೆ. ಮಗನಿಗೆ ಆಗ ಆರು ವರ್ಷ.

2023ರಲ್ಲಿ ಆ ಮಗನೇ ಕೆಲಸ ಬಿಟ್ಟು ಗುರುಗ್ರಾಮದಲ್ಲಿ ಕಂಪನಿ ತೆರೆದ. ಸಣ್ಣ ಕ್ಲಿನಿಕ್‌ಗಳ ಲೆಕ್ಕಪತ್ರ ನೋಡುವ ಸಾಫ್ಟ್‌ವೇರ್. ಬ್ಯಾಂಕಿಗೆ ಹೋದರೆ ಅದೇ ನನ್ನ ಪ್ರಶ್ನೆ. ಕೇಂದ್ರ ಸರ್ಕಾರ 2022ರಲ್ಲಿ ಸ್ಟಾರ್ಟಪ್‌ಗಳಿಗೆಂದೇ ಸಾಲ ಖಾತರಿ ಯೋಜನೆ ತಂದಿತ್ತಲ್ಲ ಅಂತ ನಾನೇ ಹುಡುಕಿ ಓದಿದೆ. ಹನ್ನೆರಡು ತಿಂಗಳ ಲೆಕ್ಕದಲ್ಲಿ ಆದಾಯ ಸ್ಥಿರವಾಗಿ ಕಾಣಬೇಕಂತೆ. ಇವನದು ಶುರುವಾಗಿ ನಾಲ್ಕು ತಿಂಗಳು.

ಬ್ಯಾಂಕಿನದು ತಪ್ಪು ಅನ್ನಲಾರೆ. ಅದು ಠೇವಣಿದಾರರ ದುಡ್ಡು. ಹತ್ತರಲ್ಲಿ ಒಂಬತ್ತು ಮುಳುಗಿ ಒಂದು ನೂರು ಪಟ್ಟು ಬೆಳೆದರೂ ಬ್ಯಾಂಕಿಗೆ ಸಿಗುವುದು ಆ ಒಂದರ ಬಡ್ಡಿ ಮಾತ್ರ. ಷೇರು ಹಿಡಿದವನಿಗಾದರೆ ಆ ಒಂದೇ ಸಾಕು. ಮೂವತ್ತೈದು ವರ್ಷ ಸಾಲ ಕೊಟ್ಟರೂ ಈ ಲೆಕ್ಕ ನನಗೆ ಮನೆಯಲ್ಲೇ ಅರ್ಥವಾಗಬೇಕಾಯಿತು.

ಮಗ ಜೊಮ್ಯಾಟೊ ಕಥೆ ತೆಗೆದ. 2010ರಲ್ಲಿ ನೊಯ್ಡಾದ ಇನ್ಫೋ ಎಡ್ಜ್, ಅಂದರೆ ನೌಕ್ರಿ ಡಾಟ್ ಕಾಂನವರು, ಅದಕ್ಕೆ 4.7 ಕೋಟಿ ರೂಪಾಯಿ ಹಾಕಿದ್ದರು. ಹೋಟೆಲುಗಳ ಮೆನು ತೋರಿಸುತ್ತಿದ್ದ ವೆಬ್‌ಸೈಟು, ಅಡವಿಡಲು ಏನಿತ್ತು? 2021ರಲ್ಲಿ ಕಂಪನಿ ಷೇರುಪೇಟೆಗೇ ಬಂತು.

"ನಿಮ್ಮ ಬ್ಯಾಂಕಲ್ಲಿ ಪಾಸ್ ಆಗ್ತಿತ್ತಾ ಅಪ್ಪ?"

ಆಗ್ತಿರಲಿಲ್ಲ. ಮುಳುಗಿದವರ ಹೆಸರು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೂಡಿಕೆದಾರರೋ, ಗಿರಾಕಿಗಳು ಹೆಚ್ಚಲಿ, ಆಮೇಲೆ ಬನ್ನಿ ಎಂದರು. ಗಿರಾಕಿಗಳು ಹೆಚ್ಚಬೇಕಾದರೆ ಹುಡುಗರು ಬೇಕು, ಹುಡುಗರಿಗೆ ಸಂಬಳ ಬೇಕು. ಫ್ಲ್ಯಾಟ್ ಅಡವಿಡೋಣವೇ ಎಂದಳು ನನ್ನಾಕೆ. ಅದೊಂದು ಬೇಡ ಎಂದೆ. ತಿಪಟೂರಿನ ಸೈಟಿನಲ್ಲಿ ಮನೆ ಕಟ್ಟಿಸಿ ಊರು ಸೇರಲೆಂದು ಎತ್ತಿಟ್ಟಿದ್ದ ಹದಿನೈದು ಲಕ್ಷದ ಠೇವಣಿ ಇತ್ತು. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿಮೆ ಸರ್ ಎಂದು ಕೌಂಟರಿನ ಹುಡುಗಿ ನನಗೇ ಪಾಠ ಹೇಳಿದಳು. ಮುರಿಸಿದೆ. ಸಾಲ ಅಂತಲ್ಲ, ಷೇರು ಬರೆಸಿಕೊಂಡೆ.

ಹೋದ ತಿಂಗಳ ಕೊನೆಗೆ ಮಗನ ಫೋನು.

"ಅಮ್ಮ, ಸಂಬಳ ಆಯ್ತು."

"ನಿಂದಾ?"

"ಹುಡುಗರದ್ದು."