ಚೋರ್ ಬಜಾರಿನಲ್ಲಿ ಆರು ನಿಮಿಷದ ರಾಗ

ಮುಂಬಯಿಯಲ್ಲಿ ವರ್ಷಗಟ್ಟಲೆ ಇದ್ದೂ ಚೋರ್ ಬಜಾರನ್ನು ನೋಡದವರು ನಮ್ಮವರಲ್ಲಿ ಅನೇಕರಿದ್ದಾರೆ. ಹೆಸರನ್ನು ಕೇಳಿದೊಡನೆ ಜೇಬು ಮುಟ್ಟಿ ನೋಡಿಕೊಳ್ಳುವವರೂ ಉಂಟು. ಆದರೆ ಅಲ್ಲಿಯವರು ಹೇಳುವ ಕಥೆಯೇ ಬೇರೆ. ಅದು ಮೊದಲು ‘ಶೋರ್ ಬಜಾರ್’, ಎಂದರೆ ಗದ್ದಲದ ಪೇಟೆ; ಬಿಳಿಯರ ಬಾಯಲ್ಲಿ ‘ಶೋರ್’ ಹೋಗಿ ‘ಚೋರ್’ ಆಯಿತಂತೆ. ಕಥೆ ನಿಜವೋ ಸುಳ್ಳೋ, ಗದ್ದಲವಂತೂ ನಿಜ. ಆ ಗದ್ದಲದ ನಡುವೆ ಸಂಗೀತವನ್ನು ಹುಡುಕಿಕೊಂಡು ಹೋದ ಒಂದು ದಿನದ ವೃತ್ತಾಂತವನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಹೋಗಲು ಕಾರಣವಿತ್ತು. ಮಾಟುಂಗಾದಲ್ಲಿರುವ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವುದೆಂದು ನಿಶ್ಚಯವಾಗಿ, ಮನೆಮನೆಯಲ್ಲೂ ಗಂಟುಮೂಟೆ ಕಟ್ಟುವ ಸಂಭ್ರಮ. ನಮ್ಮ ಅಟ್ಟದಿಂದಲೂ ಒಂದು ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಅದರಲ್ಲಿ ನಮ್ಮ ತೀರ್ಥರೂಪರು ಕೂಡಿಟ್ಟಿದ್ದ ನಲವತ್ತಮೂರು ಚಿಕ್ಕ ರಿಕಾರ್ಡುಗಳಿದ್ದವು. ಅವರು 1956ರಲ್ಲಿ ಧಾರವಾಡ ಬಿಟ್ಟು ಒಂದು ಗಿರಣಿಯ ಆಫೀಸಿಗೆ ಗುಮಾಸ್ತರಾಗಿ ಬಂದವರು. ದೊಡ್ಡ ರಿಕಾರ್ಡು ಕೊಳ್ಳುವಷ್ಟು ಕೈ ಓಡುತ್ತಿರಲಿಲ್ಲ. ಬೋನಸ್ಸು ಬಂದಾಗ ಚಿಕ್ಕದೊಂದನ್ನು ತಂದು, ಊಟವಾದ ಮೇಲೆ ಹಾಕಿ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಹೊಸ ಮನೆ ಸಿದ್ಧವಾಗುವ ತನಕ ನಮಗೆ ಎರಡು ಕೋಣೆಯ ಬಾಡಿಗೆ ಮನೆಯೇ ಗತಿ. “ಅಪ್ಪಾ, ಈ ಹಾಡೆಲ್ಲ ಫೋನಿನಲ್ಲೇ ಸಿಗ್ತಾವಲ್ಲ, ಇವನ್ನ ಇಟ್ಟುಕೊಂಡು ಏನು ಮಾಡೋದು?” ಎಂದು ಮಗಳು ಕೇಳಿದಳು. ಪೆಟ್ಟಿಗೆ ಇಡಲು ಜಾಗವಿಲ್ಲವೆಂಬುದು ನಮಗೂ ಕಾಣುತ್ತಿತ್ತು. ಹಳೆ ಸಾಮಾನಿನವನಿಗೆ ತೂಕಕ್ಕೆ ಹಾಕುವ ಮೊದಲು ಇವುಗಳ ಬೆಲೆ ಬಲ್ಲವರನ್ನು ಒಮ್ಮೆ ಕೇಳೋಣವೆಂದು, ಹತ್ತು ರಿಕಾರ್ಡುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಹೊರಟೆವು. ಸಂಗಡ ನಮ್ಮ ಸಂಘದ ನಿವೃತ್ತ ಮಾಸ್ತರರು. ಹಳೆಯ ಸಂಗೀತದ ಮಾತೆಂದರೆ ಅವರಿಗೆ ಹಸಿವು ನೀರಡಿಕೆ ಇಲ್ಲ.

ಕಿಂಗ್ಸ್ ಸರ್ಕಲಿನಲ್ಲಿ ಹಾರ್ಬರ್ ಲೈನಿನ ಗಾಡಿ ಹತ್ತಿ, ವಡಾಲಾ, ಶಿವಡಿ, ಕಾಟನ್ ಗ್ರೀನ್ ದಾಟಿ ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದೆವು. ಈ ನಿಲ್ದಾಣವೇ ಒಂದು ಸೋಜಿಗ. ಹಾರ್ಬರ್ ಲೈನು ಮೇಲಂತಸ್ತಿನಲ್ಲಿ, ಸೆಂಟ್ರಲ್ ಲೈನು ಕೆಳಗೆ. ಮೆಟ್ಟಿಲಿಳಿದು ಪಶ್ಚಿಮಕ್ಕೆ ನಡೆದರೆ ಭೆಂಡಿ ಬಜಾರು ಬರುತ್ತದೆ. ಹಳೆಯ ಚಾಳುಗಳನ್ನು ಕೆಡವಿದ ಕಡೆ ಎತ್ತರದ ಕಟ್ಟಡಗಳು ಎದ್ದಿವೆ. ಅತ್ತರಿನ ವಾಸನೆ, ಕಬಾಬಿನ ಹೊಗೆ, ಕೈಗಾಡಿಯವರ ಕೂಗು ಮಾತ್ರ ಮೊದಲಿನಂತೆಯೇ ಇವೆ.

ಮಾಸ್ತರರು ರಸ್ತೆಯ ಪಕ್ಕಕ್ಕೆ ನಿಂತು, “ರಾಯರೆ, ಇಲ್ಲಿ ಟೋಪಿ ತೆಗೆದು ನಡೆಯಬೇಕು” ಎಂದರು. ಇಬ್ಬರ ತಲೆಯ ಮೇಲೂ ಟೋಪಿ ಇರಲಿಲ್ಲ. ಆದರೆ ಮಾತಿನ ಅರ್ಥ ತಿಳಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉತ್ತರದಿಂದ ಬಂದ ಛಜ್ಜೂ ಖಾನ್, ನಜೀರ್ ಖಾನ್, ಖಾದಿಮ್ ಹುಸೇನ್ ಖಾನ್ ಎಂಬ ಸಹೋದರರು ಇಲ್ಲಿ ನೆಲೆಸಿದರು. ಅವರ ಗಾಯನಕ್ಕೆ ಈ ಪೇಟೆಯ ಹೆಸರೇ ನಿಂತು ‘ಭೆಂಡಿ ಬಜಾರ್ ಘರಾಣೆ’ ಆಯಿತು. ಛಜ್ಜೂ ಖಾನರ ಮಗ ಅಮಾನ್ ಅಲಿ ಖಾನರು ನಮ್ಮ ದಕ್ಷಿಣಾದಿ ಸಂಗೀತವನ್ನು ಪ್ರೀತಿಯಿಂದ ಅಭ್ಯಾಸ ಮಾಡಿ, ಹಂಸಧ್ವನಿ ರಾಗದಲ್ಲಿ ಹಿಂದುಸ್ತಾನಿ ಚೀಜನ್ನು ಕಟ್ಟಿದರು. ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರು ಬೆಳಕಿಗೆ ತಂದರೆಂದು ಹೇಳುವ ರಾಗಕ್ಕೆ ಭೆಂಡಿ ಬಜಾರಿನಲ್ಲಿ ಒಂದು ಮನೆ ಸಿಕ್ಕಿತು. ಊರು ಬಿಟ್ಟು ಬಂದು ಇಲ್ಲಿ ಬೇರೂರಿದ ನಮ್ಮಂಥವರಿಗೆ ಇದು ಕೇಳಲು ಹಿತವಾದ ಸಂಗತಿಯೇ.

ಅಲ್ಲಿಂದ ಮುಂದೆ ಮಟನ್ ಸ್ಟ್ರೀಟು. ಚೋರ್ ಬಜಾರಿನ ಎದೆ ಇದೇ ಓಣಿ. ಹಡಗಿನ ದೀಪ, ಹಿತ್ತಾಳೆಯ ಹಂಡೆ, ಕಾಲು ಮುರಿದ ಕುರ್ಚಿ, ಯಾರದೋ ಅಜ್ಜನ ಗಡಿಯಾರ, ಹಳೆಯ ಸಿನೆಮಾದ ಚಿತ್ರಪಟ, ಎಲ್ಲ ಒಂದರ ಮೇಲೊಂದು ಕುಳಿತಿವೆ. ಶುಕ್ರವಾರ ಅಂಗಡಿಗಳು ಮುಚ್ಚಿದ್ದು, ಬೀದಿಯ ಮೇಲೆಯೇ ಬೇರೆ ಸಂತೆ ನೆರೆಯುತ್ತದೆ. ನಿಂತು ಸಾವಧಾನವಾಗಿ ನೋಡಬೇಕೆಂದರೆ ಉಳಿದ ದಿನಗಳೇ ಲೇಸು.

ನಾವು ಹೊಕ್ಕ ಅಂಗಡಿ ಎಂಟು ಅಡಿ ಅಗಲವೂ ಇರಲಿಲ್ಲ. ನೆಲದಿಂದ ಮಾಡಿನ ತನಕ ರಿಕಾರ್ಡುಗಳು. ನಡುವೆ ಕುಳಿತಿದ್ದ ಬಿಳಿ ಗಡ್ಡದ ಚಾಚಾ ಚೀಲವನ್ನು ಬಿಚ್ಚುವ ಮೊದಲು ನಮಗೆ ಚಹ ತರಿಸಿದರು. ಆಮೇಲೆ ಒಂದೊಂದನ್ನೇ ಅಂಚು ಹಿಡಿದು, ಬೆಳಕಿಗೆ ಓರೆಮಾಡಿ ನೋಡಿ, “ಮನೆಯ ಮಾಲು, ಅಂಗಡಿಯ ಮಾಲಲ್ಲ. ಕೇಳಿದವರು ಜೋಪಾನವಾಗಿ ಕೇಳಿದ್ದಾರೆ” ಎಂದು ಹಿಂದಿಯಲ್ಲಿ ಅಂದರು. ಇಲ್ಲದ ತಂದೆಯವರಿಗೆ ಅಪರಿಚಿತರೊಬ್ಬರು ಕೊಟ್ಟ ಆ ಸರ್ಟಿಫಿಕೇಟಿನಿಂದ ನಮಗೆ ಗಂಟಲು ಕಟ್ಟಿತು.

ಚಿಕ್ಕ ರಿಕಾರ್ಡೆಂದರೆ ಏನೆಂಬುದನ್ನು ಎಳೆಯರಿಗಾಗಿ ಹೇಳಬೇಕು. ಮೊದಲು ಇದ್ದುದು ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಮೂರು ನಿಮಿಷದ ಸಂಗೀತ, ಹೆಚ್ಚೆಂದರೆ ಇನ್ನೂ ಸ್ವಲ್ಪ. ಅದನ್ನು ಮಾಡುತ್ತಿದ್ದುದು ಅರಗು ಸೇರಿಸಿದ ಪಾಕದಿಂದ; ಆ ಅರಗು ಬಹುಮಟ್ಟಿಗೆ ನಮ್ಮ ದೇಶದ ಕಾಡುಗಳಿಂದಲೇ ಜಗತ್ತಿಗೆಲ್ಲ ಹೋಗುತ್ತಿತ್ತು. ಪಾಂಡವರ ಅರಗಿನ ಮನೆ ಬೆಂಕಿಗೆ ಹೋಯಿತು, ಅರಗಿನ ಪ್ಲೇಟು ಮಕ್ಕಳ ಕೈಗೆ ಹೋಯಿತು. ಬಿದ್ದರೆ ಎರಡು ಹೋಳು. 1948ರಲ್ಲಿ ಅಮೆರಿಕದಲ್ಲಿ ವಿನೈಲಿನ ದೊಡ್ಡ ಎಲ್.ಪಿ. ಬಂತು. ಮರುವರ್ಷ ಅಲ್ಲೇ ಏಳು ಅಂಗುಲದ, 45 ಸುತ್ತಿನ ಚಿಕ್ಕ ತಟ್ಟೆ ಬಂತು. ಅದರ ಗೆರೆಗಳನ್ನು ಇನ್ನಷ್ಟು ಒತ್ತಾಗಿ ಕೊರೆದು, ಬದಿಗೆ ಆರೇಳು ನಿಮಿಷ ಹಿಡಿಯುವಂತೆ ಮಾಡಿದ್ದೇ ಇ.ಪಿ. ಇದು ಬಿದ್ದರೆ ಒಡೆಯದು, ಬೆಲೆ ಕಡಿಮೆ, ಇಡಲು ಜಾಗವೂ ಕಡಿಮೆ. ಚಾಳಿನ ಒಂದು ಕೋಣೆಯ ಸಂಸಾರಕ್ಕೆ ಹೇಳಿ ಮಾಡಿಸಿದ ವಸ್ತು.

ನಮ್ಮ ಚೀಲದಲ್ಲಿದ್ದವುಗಳ ಹಣೆಯ ಮೇಲೆ ‘7 ಇಪಿಇ’ ಎಂಬ ಅಕ್ಷರಗಳಿದ್ದವು. ಇವೆಲ್ಲ ಗ್ರಾಮಫೋನ್ ಕಂಪನಿಯ ದಮ್‌ದಮ್ ಕಾರ್ಖಾನೆಯ ಸಂತಾನ ಎಂದರು ಚಾಚಾ. ಕಲಕತ್ತೆಯ ಪಕ್ಕದ ಈ ಊರಿನ ಹೆಸರು ಮೊದಲು ಲೋಕಕ್ಕೆ ತಿಳಿದದ್ದು ಬಂದೂಕಿನ ಗುಂಡಿನಿಂದ. ಗುಂಡಿನ ಊರೇ ಮುಂದೆ ಗಾನದ ಊರೂ ಆಯಿತು. ಬಿಸ್ಮಿಲ್ಲಾ ಖಾನರ ಶಹನಾಯಿ, ರವಿಶಂಕರರ ಸಿತಾರ, ಡಿ. ವಿ. ಪಲುಸ್ಕರರ ಭಜನೆ, ಎಂ. ಎಸ್. ಸುಬ್ಬುಲಕ್ಷ್ಮಿಯವರ ಕಂಠ, ಎಲ್ಲವೂ ಅಂಗೈಯಗಲದ ಈ ತಟ್ಟೆಗಳಲ್ಲಿ ಮನೆಮನೆಗೆ ಬಂದವು.

ಇಲ್ಲಿ ಮಾಸ್ತರರು ಒಂದು ಸಂದೇಹವನ್ನು ಎತ್ತಿದರು. ಖ್ಯಾಲನ್ನು ವಿಸ್ತಾರವಾಗಿ ಹಾಡಿದರೆ ಒಂದು ಗಂಟೆ ಬೇಕು. ಆರು ನಿಮಿಷದಲ್ಲಿ ಕೇಳಿದ್ದು ರಾಗವೋ, ರಾಗದ ಜಾಹೀರಾತೋ?

ಚಾಚಾ ಮಾತಾಡಲಿಲ್ಲ. ಕಪಾಟಿನಿಂದ ಒಂದು 78ರ ಪ್ಲೇಟು ತೆಗೆದು, ಯಂತ್ರದ ಸೂಜಿ ಬದಲಿಸಿ, ಹಾಕಿದರು. ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿ. ಹೊರಗೆ ಕೈಗಾಡಿಗಳ ಗದ್ದಲ, ಒಳಗೆ ಆ ತೆಳು, ಚೂಪು, ತುಸು ಅಳುವಂಥ ದನಿ. ಮೂರು ನಿಮಿಷದಲ್ಲಿ ಮುಗಿಯಿತು. ಮೂವರೂ ಸುಮ್ಮನಿದ್ದೆವು. ಗದಗಿನ ಒಬ್ಬ ಹುಡುಗ ಅಂಗಡಿಯಲ್ಲಿ ಇದೇ ಠುಮ್ರಿಯ ಪ್ಲೇಟು ಕೇಳಿ, ಹೀಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಮನೆ ಬಿಟ್ಟು ಓಡಿದನೆಂಬುದು ನಮ್ಮಲ್ಲಿ ಮನೆಮಾತಾದ ಕಥೆ. ಆ ಹುಡುಗ ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾಗಿ, ಭೀಮಸೇನ ಜೋಶಿ ಎಂದು ಲೋಕಪ್ರಸಿದ್ಧನಾದ. ಸವಾಯಿ ಗಂಧರ್ವರೋ, ಅಬ್ದುಲ್ ಕರೀಂ ಖಾನರ ಶಿಷ್ಯರೇ. ಜಾಹೀರಾತು ಕೇಳಿ ಯಾರಾದರೂ ಮನೆ ಬಿಟ್ಟಾರೆಯೆ?

ಹೊತ್ತಿನ ಈ ಇಕ್ಕಟ್ಟು ಗಾಯಕರಿಗೆ ಹೊಸತಲ್ಲ. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬಾತ ಕಲಕತ್ತೆಗೆ ಬಂದು ಗೌಹರ್ ಜಾನರ ಹಾಡನ್ನು ಅಚ್ಚಿಳಿಸಿದಾಗಲೇ ಅದು ಮೊದಲಾಯಿತು. ಮೂರು ನಿಮಿಷದಲ್ಲಿ ಹಾಡೂ ಮುಗಿಯಬೇಕು, ಕೊನೆಗೆ ತನ್ನ ಹೆಸರನ್ನೂ ಹೇಳಬೇಕು. ಏಕೆಂದರೆ ಪ್ಲೇಟುಗಳು ಒತ್ತಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ, ಯಾವುದು ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಡವೆ? ನಮ್ಮ ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ತಮ್ಮ ಮೊದಲ ಪ್ಲೇಟುಗಳನ್ನು ಕೊಟ್ಟದ್ದು ಗಾಂಧಾರಿ ಎಂಬ ತಮ್ಮ ಹುಟ್ಟುಹೆಸರಿನಲ್ಲಿ. ಮಲ್ಲಿಕಾರ್ಜುನ ಮನಸೂರರೂ ಅದೇ ದಶಕದಲ್ಲಿ ಪ್ಲೇಟುಗಳನ್ನು ಕೊಟ್ಟರು. ಇವರೆಲ್ಲ ಕಲಿತ ಪಾಠ ಒಂದೇ: ಆಲಾಪಕ್ಕೆ ನಾಲ್ಕೇ ಸ್ವರವಾಕ್ಯ, ಆದರೆ ರಾಗದ ಮುಖ ಎದ್ದು ಕಾಣಬೇಕು, ವಿಲಂಬಿತ ಬಿಟ್ಟು ನೇರ ಮಧ್ಯಲಯದ ಬಂದಿಶ್, ತಾನುಗಳು ಐದಾರೇ, ಒಂದೂ ಜಾಳಾಗಬಾರದು, ಸಮಕ್ಕೆ ಬಂದು ನಿಲ್ಲಬೇಕು. ಗಂಟೆ ಹಾಡುವವನು ಮಾತನ್ನು ಎರಡು ಸಲ ಹೇಳಬಹುದು. ಮೂರು ನಿಮಿಷದವನಿಗೆ ಆ ಸಲಿಗೆ ಇಲ್ಲ. ಇ.ಪಿ. ಬಂದಾಗ ಆ ಮೂರು ನಿಮಿಷ ಆರಾಯಿತು. ಉಸಿರಾಡಲು ಸ್ವಲ್ಪ ಎಡೆಯಾಯಿತು.

“ಕೇಸರ್‌ಬಾಯಿ ಕೇರ್ಕರರನ್ನು ಮರೆತಿರಾ?” ಎಂದರು ಮಾಸ್ತರರು, ಈಗ ಚಾಚಾನ ಪಕ್ಷ ಸೇರಿ. ಸರಿಯಾದ ಮಾತು. 1977ರಲ್ಲಿ ಅಮೆರಿಕದವರು ಎರಡು ವಾಯೇಜರ್ ನೌಕೆಗಳಲ್ಲಿ ಭೂಲೋಕದ ಸಂಗೀತವನ್ನು ಬಂಗಾರ ಲೇಪಿಸಿದ ತಟ್ಟೆಯಲ್ಲಿಟ್ಟು ಕಳುಹಿಸಿದಾಗ, ನಮ್ಮ ದೇಶದ ಪಾಲಿಗೆ ಆರಿಸಿದ್ದು ಕೇಸರ್‌ಬಾಯಿಯವರ ಭೈರವಿ. ಅದರ ಅವಧಿ ಮೂರೂವರೆ ನಿಮಿಷ. ಮನಸೂರರ ಘರಾಣೆಯೇ ಆಕೆಯದೂ. 2012ರಲ್ಲಿ ಒಂದು ನೌಕೆ ಸೂರ್ಯನ ಪ್ರಭಾವದ ವಲಯವನ್ನೂ ದಾಟಿತು. ಅಷ್ಟು ದೂರ ಹೋದದ್ದು ಗಂಟೆಯ ಗಾಯನವಲ್ಲ, ಕನ್ನಡಿಯಲ್ಲಿ ಆನೆಯನ್ನು ಹಿಡಿದ ಈ ಸಣ್ಣ ಗಾಯನ.

ವ್ಯವಹಾರಕ್ಕೆ ಬಂದೆವು. ಹತ್ತು ರಿಕಾರ್ಡಿಗೂ ಸೇರಿಸಿ ಚಾಚಾ ಹೇಳಿದ ಬೆಲೆ ಮೂವರು ಹೋಟೆಲಿನಲ್ಲಿ ಊಟ ಮಾಡುವಷ್ಟು. ಸಿನೆಮಾದ ಚಿಕ್ಕ ರಿಕಾರ್ಡಿಗೆ ಗಿರಾಕಿಗಳಿದ್ದಾರೆ, ಶಾಸ್ತ್ರೀಯಕ್ಕೆ ಎಲ್.ಪಿ. ಕೇಳುತ್ತಾರೆ, ಇವು ಎರಡರ ನಡುವೆ ಅನಾಥ ಎಂದರು. ಆಮೇಲೆ ತಾವಾಗಿಯೇ ಇನ್ನೊಂದು ಮಾತು ಹೇಳಿದರು: “ಮನೆ ಒಡೆಯುವಾಗ ಎಲ್ಲರೂ ತರುತ್ತಾರೆ. ಆರು ತಿಂಗಳ ನಂತರ ಕೆಲವರು ತಿರುಗಿ ಬಂದು, ಅಪ್ಪನದು ಇದೆಯೇ ಎಂದು ಕೇಳುತ್ತಾರೆ. ಅಷ್ಟರಲ್ಲಿ ಅದು ಯಾವ ಊರಿಗೆ ಹೋಗಿರುತ್ತದೋ!” ಮಾರಿದರೆ ಲಾಭ ಅವರಿಗೇ; ಆದರೂ ಹೇಳಿದರು. ನಾವು ಚೀಲವನ್ನು ಮತ್ತೆ ಕಟ್ಟಿದೆವು. ಚಹದ ಋಣ ತೀರಲೆಂದು ಪಲುಸ್ಕರರದೊಂದು ಇ.ಪಿ.ಯನ್ನು ಕೊಂಡದ್ದರಿಂದ ಹತ್ತು ಹೋಗಿ ಹನ್ನೊಂದಾಯಿತು.

ಅಲ್ಲಿಂದ ಸರದಾರ ವಲ್ಲಭಭಾಯಿ ಪಟೇಲ್ ರಸ್ತೆ ಹಿಡಿದರೆ ನೇರವಾಗಿ ಒಪೇರಾ ಹೌಸಿಗೆ ಬರಬಹುದು. ಕಾಲು ಗಟ್ಟಿಯಿದ್ದವರಿಗೆ ದೂರವೇನಲ್ಲ. 1911ರ ಆ ಭವ್ಯ ನಾಟಕಶಾಲೆ ಬಹುಕಾಲ ಮುಚ್ಚಿದ್ದು 2016ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆದರೆ ನಾವು ನೋಡಬಯಸಿದ್ದು ಅದರ ಆಸುಪಾಸಿನ ಬೀದಿಗಳನ್ನು. ಬಿ. ಆರ್. ದೇವಧರರ ಸಂಗೀತಶಾಲೆ ಇದ್ದದ್ದು ಇಲ್ಲಿಯೇ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಳಿಮಠ ಎಂಬ ಬಾಲಕ, ದೊಡ್ಡವರ ಪ್ಲೇಟುಗಳನ್ನು ಕೇಳಿ ಹಾಗೆ ಹಾಗೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದ. ಆ ಬಾಲಕನನ್ನು 1930ರ ದಶಕದ ನಡುವಿನಲ್ಲಿ ದೇವಧರರ ಕೈಗೆ ಒಪ್ಪಿಸಿದರು. ಅನುಕರಣೆಯಿಂದ ಮೊದಲು ಮಾಡಿದ ಆತ ಕುಮಾರ ಗಂಧರ್ವರಾಗಿ, ಯಾರಂತೆಯೂ ಅಲ್ಲದ ಗಾಯನವನ್ನು ಕಟ್ಟಿದರು. ಪ್ಲೇಟು ಗುರುವಾಗಲಾರದು, ನಿಜ. ಆದರೆ ಗುರುವಿನ ಮನೆಯ ದಾರಿಯನ್ನು ತೋರಿಸಬಲ್ಲದು.

ಇನ್ನು ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇರುವ ಓದುಗರಿಗೆ ಎರಡು ಮಾತು. ರಿಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗಬಾರದು. ಧೂಳಿದ್ದರೆ ನಡುವಣ ಕಾಗದ ನೆನೆಯದಂತೆ ತೆಳು ಸೋಪಿನ ನೀರಿನಿಂದ ಒರೆಸಿ. ಅರಗಿನ ಪ್ಲೇಟಿಗೆ ಸ್ಪಿರಿಟ್ಟು ಮುಟ್ಟಿಸಲೇಬೇಡಿ. ಕಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಇ.ಪಿ.ಯನ್ನು ಕೊಟ್ಟರೆ ಒಂದೇ ಸಲಕ್ಕೆ ಗೆರೆ ಕೆಡುತ್ತದೆ. 78ಕ್ಕೆ ಬೇರೆ ಸೂಜಿ, ಇದಕ್ಕೆ ಎಲ್.ಪಿ.ಯ ಸೂಜಿ. ಫೋನಿನಲ್ಲಿ ಎಲ್ಲವೂ ಸಿಗುತ್ತದೆಂಬ ಮಾತನ್ನು ಪರೀಕ್ಷಿಸದೆ ನಂಬಬೇಡಿ. ನಮ್ಮ ನಲವತ್ತಮೂರರ ಪಟ್ಟಿ ಮಾಡಿಕೊಂಡು ಮಗಳೇ ಒಂದು ರವಿವಾರ ಹುಡುಕಿದಳು. ಹೆಚ್ಚಿನವು ಸಿಕ್ಕವು, ಕೆಲವು ಎಲ್ಲಿಯೂ ಸಿಗಲಿಲ್ಲ. ಆ ಕೆಲವನ್ನು ಮೊದಲು ಧ್ವನಿ ಇಳಿಸಿಕೊಳ್ಳಬೇಕೆಂದು ಅವಳೇ ಚೀಟಿ ಅಂಟಿಸಿದ್ದಾಳೆ.

ಜಾಗದ ಕಷ್ಟ ಎಲ್ಲರಿಗೂ ಇದೆ. ಮುಂಬಯಿಯಲ್ಲಂತೂ ಕೇಳುವುದೇ ಬೇಡ. ಇಟ್ಟುಕೊಳ್ಳಲಾಗದವರು ತೂಕಕ್ಕೆ ಹಾಕುವ ಮೊದಲು ನೆರೆಹೊರೆಯ ನಾಲ್ವರನ್ನು ಕರೆದು ಒಮ್ಮೆ ಕೇಳಿಸಲಿ, ಕೇಳುವ ಕಿವಿಯಿದ್ದವರ ಕೈಗೆ ಕೊಡಲಿ. ನಲವತ್ತಮೂರು ಚಿಕ್ಕ ರಿಕಾರ್ಡುಗಳಿಗೆ ಬೇಕಾದ ಸ್ಥಳ, ಅಳೆದು ನೋಡಿದೆವು, ಒಂದು ಅಕ್ಕಿಯ ಡಬ್ಬಿಯಷ್ಟು.