ಮುನ್ನಿಗೆ ಪಟ್ಟಿ ಕಟ್ಟಿದ ಕಥೆ

ನಮ್ಮ ಮನೆ ರಾಮನಗರದಲ್ಲಿದೆ. ಅಬ್ಬಾ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಾರೆ. ರೇಷ್ಮೆಗೂಡು ಇದ್ದಲ್ಲಿ ಇಲಿ ಬರುತ್ತದೆ, ಇಲಿ ಬಂದಲ್ಲಿ ಬೆಕ್ಕು ಬೇಕು. ಹಾಗಾಗಿ ನನಗೆ ನೆನಪಿರುವಂತೆ ನಮ್ಮ ಮನೆಯಲ್ಲಿ ಬೆಕ್ಕಿಲ್ಲದ ದಿನಗಳು ಕಡಿಮೆ. ನಾವು ಮನೆಯಲ್ಲಿ ಉರ್ದು ಮಾತಾಡುವುದರಿಂದ ನಮ್ಮ ಬೆಕ್ಕುಗಳಿಗೂ ಉರ್ದುವೇ ಬರುತ್ತದೆ. ಪಕ್ಕದ ಮನೆಯವರು "ಬಾ ಬಾ" ಎಂದರೆ ತಿರುಗಿಯೂ ನೋಡುವುದಿಲ್ಲ, "ಆಜಾ" ಎಂದರೆ ಓಡಿ ಬರುತ್ತವೆ.

ಈಗಿರುವ ಬೆಕ್ಕಿನ ಹೆಸರು ಮುನ್ನಿ. ಮೈಯೆಲ್ಲ ಬಿಳಿ, ಬಾಲ ಮಾತ್ರ ಕಪ್ಪು. ಅವಳಿಗಿಂತ ಮೊದಲು ಶೇರು ಇದ್ದ. ಕಳೆದ ವರ್ಷ ಒಂದು ಬೆಳಿಗ್ಗೆ ಮನೆ ಮುಂದಿನ ರಸ್ತೆಯಲ್ಲಿ ಟೆಂಪೋ ಚಕ್ರಕ್ಕೆ ಸಿಕ್ಕಿ ಸತ್ತುಹೋದ. ತಂಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಬಾಗಿಲು ಯಾರು ತೆಗೆದಿಟ್ಟದ್ದು?" ಎಂದು ಅಮ್ಮಿ ಕೇಳಿದಾಗ ನಾನು ತಲೆ ತಗ್ಗಿಸಿ ಲೆಕ್ಕ ಬಿಡಿಸುತ್ತಾ ಕುಳಿತಿದ್ದೆ. ಅಂದು ಟ್ಯೂಷನ್‌ಗೆ ತಡವಾಯಿತೆಂದು ಬಾಗಿಲು ಎಳೆದುಕೊಳ್ಳದೆ ಓಡಿದವನು ನಾನೇ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮುನ್ನಿ ಬಂದ ಮೇಲೆ ಅವಳನ್ನು ಹೊರಗೆ ಬಿಡಲೇಬಾರದು ಎಂದು ನಿರ್ಧಾರವಾಯಿತು. ಆದರೆ ಅವಳು ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಗುಬ್ಬಚ್ಚಿಗಳನ್ನು ನೋಡುತ್ತಾ ಕೂಗುತ್ತಿದ್ದಳು. ಬೆಕ್ಕಿಗೂ ಹಾರ್ನೆಸ್ ಸಿಗುತ್ತದೆ ಎಂದು ಆಗ ಮೊಬೈಲಿನಲ್ಲಿ ನೋಡಿದೆ. ಅದು ಕುತ್ತಿಗೆ ಮತ್ತು ಎದೆ ಎರಡನ್ನೂ ಸುತ್ತುವ ಪಟ್ಟಿ. ಹಗ್ಗವನ್ನು ಬೆನ್ನಿನ ಮೇಲಿನ ಉಂಗುರಕ್ಕೆ ಸಿಕ್ಕಿಸುತ್ತಾರೆ, ಎಳೆದರೂ ಕುತ್ತಿಗೆಗೆ ಉರುಲಾಗುವುದಿಲ್ಲ. ಈದಿಯ ಹಣದಲ್ಲಿ ₹350 ಕೊಟ್ಟು ತರಿಸಿಕೊಂಡೆ.

ಬಂದ ದಿನವೇ ಅವಳನ್ನು ತೊಡೆಯ ನಡುವೆ ಹಿಡಿದುಕೊಂಡು ತೊಡಿಸಿಬಿಟ್ಟೆ. ಮುನ್ನಿ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬೆನ್ನ ಮೇಲೆ ಕಲ್ಲು ಹೇರಿದಂತೆ ಪಕ್ಕಕ್ಕೆ ಬಿದ್ದು ಮಲಗಿದಳು. ಹಗ್ಗ ಹಿಡಿದು ಎಳೆದಾಗ ಹಿಂದಕ್ಕೆ ಹಿಂದಕ್ಕೆ ಜಗ್ಗಿ, ಪಟ್ಟಿಯಿಂದ ನುಣುಚಿಕೊಂಡು ಬೀರುವಿನ ಕೆಳಗೆ ಸೇರಿದಳು. ರಾತ್ರಿಯವರೆಗೆ ಹೊರಗೆ ಬರಲಿಲ್ಲ. ನನ್ನ ಕೈಮೇಲೆ ಮೂರು ಉದ್ದ ಗೀರುಗಳು.

ದಾದಿಗೆ ಸಿಟ್ಟು ಬಂತು. "ಬೆಕ್ಕನ್ನು ಕಟ್ಟಿಹಾಕಿದ ಹೆಂಗಸಿನ ಕಥೆ ನಿನಗೆ ಹೇಳಿಲ್ಲವೇನು?" ಎಂದರು. ಹೇಳಿದ್ದರು. ಬುಖಾರಿಯಲ್ಲಿರುವ ಹದೀಸ್ ಅದು. ಒಬ್ಬಳು ಬೆಕ್ಕನ್ನು ಕೂಡಿಹಾಕಿದಳು. ತಾನೂ ಊಟ ಕೊಡಲಿಲ್ಲ, ತಾನೇ ಹುಡುಕಿ ತಿನ್ನಲೂ ಬಿಡಲಿಲ್ಲ. ಬೆಕ್ಕು ಸತ್ತಿತು. ಆ ಕಾರಣಕ್ಕೆ ಅವಳು ಶಿಕ್ಷೆಗೆ ಒಳಗಾದಳೆಂದು ಪ್ರವಾದಿ(ಸ) ತಿಳಿಸಿದರು. ಅಬೂಹುರೈರಾ(ರ) ಎಂಬ ಹೆಸರಿಗೆ ಬೆಕ್ಕಿನ ಮರಿಯ ತಂದೆ ಎಂದೇ ಅರ್ಥ ಎಂದು ದಾದಿ ಮತ್ತೆ ನೆನಪಿಸಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಕಟ್ಟಿದರೆ ಪಾಪ, ಬಿಟ್ಟರೆ ಟೆಂಪೋ. ಹಾರ್ನೆಸ್ಸನ್ನು ಪುಸ್ತಕದ ಚೀಲದೊಳಗೆ ತುರುಕಿಟ್ಟೆ.

ಮುಂದಿನ ವಾರ ಮುನ್ನಿಗೆ ರೇಬೀಸ್ ಲಸಿಕೆ ಹಾಕಿಸಲು ಪಶು ಆಸ್ಪತ್ರೆಗೆ ಹೋಗಿದ್ದೆವು. ಅಲ್ಲಿನ ಡಾಕ್ಟರು ನನ್ನ ಕೈಯ ಗೀರು ನೋಡಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ನಕ್ಕರು. "ಅವಳು ಬಿದ್ದದ್ದು ನಾಟಕವಲ್ಲಪ್ಪ, ಹೆದರಿಕೆ. ಯಾರೋ ಹಿಡಿದುಕೊಂಡ ಹಾಗೆ ಅನಿಸುತ್ತೆ. ಮೊದಲು ಅದು ಮನೆ ಸಾಮಾನಾಗಲಿ, ಆಮೇಲೆ ಮೈಮೇಲೆ ಹೋಗಲಿ" ಎಂದು ಕ್ರಮ ಹೇಳಿಕೊಟ್ಟರು. ಮನೆಗೆ ಬರುವಾಗ ಅಬ್ಬಾ ಕೂಡ ಅದನ್ನೇ ತಮ್ಮ ಕೆಲಸದ ಮಾತಿನಲ್ಲಿ ಹೇಳಿದರು: "ಗೂಡು ಬಿಸಿನೀರಿನಲ್ಲಿ ಬೆಂದು ಅಂಟು ಬಿಡುವ ಮೊದಲೇ ಎಳೆ ಎಳೆದರೆ ತುಂಡಾಗುತ್ತೆ."

ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದೆ. ದಿನಾಂಕ, ಎಷ್ಟು ನಿಮಿಷ, ಏನು ತಿನ್ನಿಸಿದೆ, ಮುನ್ನಿ ಏನು ಮಾಡಿದಳು. ಮೊದಲ ವಾರ ಪಟ್ಟಿಯನ್ನು ಅವಳ ಊಟದ ತಟ್ಟೆಯ ಪಕ್ಕ ಇಟ್ಟದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಮೂರನೆಯ ದಿನ ಮೂಸಿದಳು, ಐದನೆಯ ದಿನ ಅದರ ಮೇಲೆಯೇ ಮಲಗಿದಳು. ಆಮೇಲೆ ಕ್ಲಿಪ್ಪಿನ "ಟಕ್" ಸದ್ದು. ಒಂದು ಟಕ್‌ಗೆ ಬೇಯಿಸಿದ ಕೋಳಿ ಲಿವರಿನ ಒಂದು ಚೂರು. ಆಮೇಲೆ ಕುತ್ತಿಗೆಗೆ ಹಾಕಿ ತಕ್ಷಣ ತೆಗೆಯುವುದು. ಆಮೇಲೆ ಎದೆಯ ಕ್ಲಿಪ್ ಹಾಕಿ ಒಂದು ನಿಮಿಷ, ಎರಡು ನಿಮಿಷ. ಪಟ್ಟಿ ಮತ್ತು ಮೈ ನಡುವೆ ನನ್ನ ಎರಡು ಬೆರಳು ಹೋಗುವಷ್ಟು ಜಾಗ ಇರಬೇಕು. ಅದಕ್ಕಿಂತ ಬಿಗಿಯಾದರೆ ನೋವು, ಸಡಿಲವಾದರೆ ನುಣುಚಿಕೊಳ್ಳುತ್ತಾಳೆ.

ನಾಲ್ಕು ನಿಮಿಷದವರೆಗೆ ಚೆನ್ನಾಗಿ ನಡೆಯಿತು. ಆ ಭಾನುವಾರ ಚಿಕ್ಕಪ್ಪನ ಮಕ್ಕಳು ಬಂದಿದ್ದರು. ಅವರ ಮುಂದೆ ಹೆಚ್ಚುಗಾರಿಕೆ ತೋರಿಸಲು ಹೋಗಿ ಇಪ್ಪತ್ತು ನಿಮಿಷ ಬಿಚ್ಚಲೇ ಇಲ್ಲ. ಮರುದಿನ ಪಟ್ಟಿ ನೋಡಿದ ಕೂಡಲೇ ಮುನ್ನಿ ಬೀರುವಿನ ಕೆಳಗೆ ಓಡಿದಳು. ಖಾತೆಯಲ್ಲಿ ನಾಲ್ಕು ನಿಮಿಷದ ನಂಬಿಕೆ ಇಟ್ಟುಕೊಂಡು ಇಪ್ಪತ್ತು ನಿಮಿಷ ಡ್ರಾ ಮಾಡಿದ್ದೆ. ಮತ್ತೆ ಊಟದ ತಟ್ಟೆಯಿಂದ ಶುರು ಮಾಡಬೇಕಾಯಿತು.

ಅಂದು ರಾತ್ರಿ ದಾದಿ ಕೇಳಿದರು, "ಯಾಕೆ ಬೇಟಾ ಇಷ್ಟು ಹಟ? ಒಳಗೇ ಇರಲಿ ಬಿಡು." ನನಗೆ ತಡೆಯಲಾಗಲಿಲ್ಲ. ಟ್ಯೂಷನ್, ಬಾಗಿಲು, ಶೇರು ಎಲ್ಲವನ್ನೂ ಹೇಳಿಬಿಟ್ಟೆ. ಒಂದು ದಿನ ಯಾರೋ ಮತ್ತೆ ಬಾಗಿಲು ಮರೆಯುತ್ತಾರೆ, ಅಷ್ಟರೊಳಗೆ ಅವಳ ಹೊರಗಿನ ಆಸೆ ಸ್ವಲ್ಪವಾದರೂ ತೀರಲಿ ಎಂದೆ.

ದಾದಿ ತಸ್ಬೀಹ್ ಕೆಳಗಿಟ್ಟರು. "ಆ ದಿನ ಲೇಸು ಕೂಡ ಕಟ್ಟದೆ ನೀನು ಓಡಿದ್ದನ್ನು ನಾನು ನೋಡಿದ್ದೆ. ಬಾಗಿಲು ಹಾಕಿರುತ್ತೀಯ ಅಂದುಕೊಂಡು ನಾನೂ ಏಳಲಿಲ್ಲ, ಮಂಡಿ ನೋವು. ನೀನಾಗಿ ಹೇಳಲಿ ಅಂತ ಇಷ್ಟು ದಿನ ಸುಮ್ಮನಿದ್ದೆ" ಎಂದರು.

ಒಂದು ವರ್ಷದಿಂದ ಅವರೂ ಅದೇ ಭಾರ ಹೊತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ ಮತ್ತೆ ಹೇಳಿದರು: "ಆ ಹೆಂಗಸು ಬೆಕ್ಕನ್ನು ಕೂಡಿಹಾಕಿ ಮರೆತಳು. ನೀನು ಮರೆಯಬೇಡ. ಸಾಕು ಅಂತ ಅವಳು ಹೇಳಿದ ತಕ್ಷಣ ಬಿಚ್ಚು." ಮರುದಿನ ಅಮ್ಮಿಗೂ ತಂಗಿಗೂ ಹೇಳಿದೆ. ತಂಗಿ ಒಂದು ದಿನ ಮಾತು ಬಿಟ್ಟಳು. ಆಮೇಲೆ ಲಿವರ್ ಕತ್ತರಿಸಿಕೊಡುವ ಕೆಲಸ ತಾನೇ ವಹಿಸಿಕೊಂಡಳು.

ಒಟ್ಟು ಎರಡು ತಿಂಗಳು ಹಿಡಿಯಿತು. ಈಗ ಅಸರ್ ನಮಾಜಿನ ನಂತರ ಮುನ್ನಿಯನ್ನು ತಾರಸಿಗೆ ಕರೆದುಕೊಂಡು ಹೋಗುತ್ತೇನೆ. ರಸ್ತೆಗೆ ಇನ್ನೂ ಇಳಿಸಿಲ್ಲ, ಇಳಿಸುವ ಯೋಚನೆಯೂ ಇಲ್ಲ. ಹಗ್ಗವನ್ನು ಕಂಬಕ್ಕೆ ಕಟ್ಟಿ ಬರುವುದಿಲ್ಲ, ಅದರ ಇನ್ನೊಂದು ತುದಿ ಯಾವಾಗಲೂ ಯಾರದಾದರೂ ಕೈಯಲ್ಲೇ ಇರುತ್ತದೆ. ಅವಳು ನೀರಿನ ಟ್ಯಾಂಕಿನ ಸುತ್ತ ಮೂಸುತ್ತಾಳೆ, ಗುಬ್ಬಚ್ಚಿ ಕಂಡರೆ ಹೊಟ್ಟೆ ನೆಲಕ್ಕೆ ತಾಗಿಸಿ ಕೂರುತ್ತಾಳೆ. ಅವಳು ನನ್ನ ಹಿಂದೆ ಬರುವುದಿಲ್ಲ, ನಾನೇ ಅವಳ ಹಿಂದೆ ಹೋಗುತ್ತೇನೆ.

ಕಳೆದ ಶುಕ್ರವಾರ ದಾದಿ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಮೇಲೆ ಬಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಹಗ್ಗವನ್ನು ಅವರ ಕೈಗೆ ಕೊಟ್ಟೆ. ಹತ್ತು ನಿಮಿಷವಾದ ಮೇಲೆ ಮುನ್ನಿ ಅವರ ಕಾಲ ಬಳಿ ಬಂದು ಪಕ್ಕಕ್ಕೆ ಮಲಗಿ ಬಾಲ ಬಡಿದಳು.

"ಬಿಚ್ಚಪ್ಪ, ಸಾಕಂತೆ" ಎಂದರು ದಾದಿ.

ಬಿಚ್ಚಿ ಎತ್ತಿಕೊಂಡೆ. ಕೆಳಗೆ ಇಳಿಯುವ ಮೊದಲು ತಾರಸಿಯ ಬಾಗಿಲನ್ನು ಎಳೆದು, ಚಿಲಕ ಬಿದ್ದಿದೆಯೇ ಎಂದು ಇನ್ನೊಮ್ಮೆ ನೋಡಿದೆ.